ಹಳೆಯ ಗಾಡಿಗೆ ಹಗುರವಾದ ಹೊದಿಕೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಪೋಷಕರು ಹಾಗೂ ಮೋಟಾರು ಕೆಲಸ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವ ಟೀಚರ್ ಒಬ್ಬಳು ಮೋಟಾರು ಗಾಡಿಯ ಬಗ್ಗೆ ಏನು ಮಾತನಾಡಿಯಾಳು ಎಂದು ನಿಮಗೆ ಅನ್ನಿಸಿರಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಕಾರ್ಯದರ್ಶಿಯವರು "ನಿಮ್ಮ ಅನುಭವವನ್ನಷ್ಟೇ ಹೇಳಿ, ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಗ್ಯಾರೇಜಿನ ಕೆಲಸಕ್ಕೇ ಹೋಗುವವರು" ಎಂದರು. ಆದ್ದರಿಂದ ಧೈರ್ಯ ಮಾಡಿ ನಿಂತಿದ್ದೇನೆ. ನಾನು ಹೇಳಹೊರಟಿರುವುದು ಹಳೆಯ ಗಾಡಿಯ ಒಳಗಿನ ಬಿಸಿ ಮತ್ತು ಸದ್ದನ್ನು ಕಡಿಮೆ ಮಾಡಲು ಏನನ್ನು ಅಂಟಿಸಬೇಕು, ಎಲ್ಲಿ ಅಂಟಿಸಬೇಕು, ಮುಖ್ಯವಾಗಿ ಎಷ್ಟು ಅಂಟಿಸಬೇಕು ಎಂಬುದನ್ನು.

ನಮ್ಮದು 2011ರ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರಲ್ಲಿ ತಯಾರಿಕೆ ನಿಂತ ಈ ಗಾಡಿ ನಿಮ್ಮಲ್ಲಿ ಅನೇಕರ ಮನೆ ಮುಂದೆ ಇಂದಿಗೂ ನಿಂತಿದೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವುದೂ ಅದೇ, ಮದುವೆ ಮನೆಗೆ ದೇಗ್‌ಗಳನ್ನು ಸಾಗಿಸುವುದೂ ಅದೇ. 796 ಸಿ.ಸಿ.ಯ ಮೂರು ಸಿಲಿಂಡರಿನ ಇಂಜಿನ್. ಶಕ್ತಿ ಸುಮಾರು 35 ಅಶ್ವಶಕ್ತಿ. ಗಾಡಿಯ ತೂಕ ಸುಮಾರು 800 ಕಿಲೋ. ಇದರ ಇಂಜಿನ್ ಮುಂದೆ ಬಾನೆಟ್ಟಿನಲ್ಲಿ ಇಲ್ಲ, ಮುಂದಿನ ಸೀಟುಗಳ ಅಡಿಯಲ್ಲೇ ಇದೆ. ಅಂದರೆ ಒಲೆಯನ್ನು ಕೋಣೆಯ ನಡುವೆ ಇಟ್ಟು ಅದರ ಮೇಲೆ ನಾವೇ ಕುಳಿತಂತೆ. ಮೇಲೆ ಒಂದೇ ಒಂದು ತಗಡಿನ ಚಾವಣಿ. ನಮ್ಮ ಕಲಬುರಗಿ ಸೀಮೆಯ ಮೇ ತಿಂಗಳನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ಅಬ್ಬಾ ತೆಗೆದುಕೊಂಡ ಗಾಡಿ ಇದು. ಅವರು ತೀರಿಕೊಂಡ ಮೇಲೆ ಎರಡು ವರ್ಷ ಸುಮ್ಮನೆ ನಿಂತಿತ್ತು. ಅಮ್ಮಿಗೆ ಮೂತ್ರಪಿಂಡದ ತೊಂದರೆ ಹೆಚ್ಚಾಗಿ ವಾರಕ್ಕೆ ಎರಡು ಸಲ ಶಹಾಬಾದಿನಿಂದ ಕಲಬುರಗಿಗೆ ಡಯಾಲಿಸಿಸ್‌ಗೆ ಹೋಗಬೇಕಾಗಿ ಬಂದಾಗ ನಾನು ಅದನ್ನು ಮತ್ತೆ ರಸ್ತೆಗೆ ಇಳಿಸಿದೆ. ಮುಕ್ಕಾಲು ಗಂಟೆಯ ದಾರಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕಷ್ಟ ಗೊತ್ತಿದ್ದವರಿಗೆ ಗೊತ್ತು: ಅವರು ಬಾಯಾರಿದಷ್ಟೂ ನೀರು ಕುಡಿಯುವಂತಿಲ್ಲ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ಉಸಿರಿಗೆ ಬರುತ್ತದೆ. ದಿನಕ್ಕೆ ಇಷ್ಟು ಲೋಟ ಎಂದು ಅಳೆದು ಕೊಡಬೇಕು. ಅಂಥವರನ್ನು ಕಾದ ತಗಡಿನ ಡಬ್ಬಿಯಲ್ಲಿ ಕೂರಿಸಿ ಕರೆದೊಯ್ದರೆ ಏನಾಗುತ್ತದೆ? ಅಮ್ಮಿ ಆಸ್ಪತ್ರೆ ತಲುಪುವಷ್ಟರಲ್ಲಿ ತನ್ನ ಅರ್ಧ ದಿನದ ನೀರನ್ನು ಮುಗಿಸಿರುತ್ತಿದ್ದರು. ಎ.ಸಿ. ಇರುವ ಬೇರೆ ಗಾಡಿ ಕೊಳ್ಳುವ ಅನುಕೂಲ ನಮಗಿರಲಿಲ್ಲ.

ಸದ್ದಿನ ವಿಷಯವನ್ನು ನಾನು ಆಗ ಗಣನೆಗೇ ತೆಗೆದುಕೊಂಡಿರಲಿಲ್ಲ. ಒಂದು ಏಪ್ರಿಲ್ ಮಧ್ಯಾಹ್ನ ಹಿಂತಿರುಗಿ ಬರುವಾಗ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ ಹಿಂದೆ ನೋಡಿದರೆ ಅಮ್ಮಿ ಸೀಟಿನ ಮೇಲೆ ಒರಗಿಬಿಟ್ಟಿದ್ದಾರೆ. ಡಯಾಲಿಸಿಸ್ ಆದ ಮೇಲೆ ಕೆಲವರಿಗೆ ಬಿ.ಪಿ. ಒಮ್ಮೆಲೇ ಇಳಿಯುತ್ತದೆ. ಕಾಲು ಎತ್ತರಿಸಿ ಮಲಗಿಸಿ, ಮುಖಕ್ಕೆ ನೀರು ಹಾಕಿ, ಹತ್ತು ನಿಮಿಷಕ್ಕೆ ಸುಧಾರಿಸಿಕೊಂಡರು. ಆಮೇಲೆ ಹೇಳಿದರು: "ಮೂರು ಸಲ ಕರೆದೆ ಬೇಟಾ, ನಿನಗೆ ಕೇಳಲೇ ಇಲ್ಲ." ನಾನು ಕುಳಿತಿದ್ದದ್ದು ಅವರಿಂದ ನಾಲ್ಕು ಅಡಿ ದೂರದಲ್ಲಿ.

ಮರುವಾರವೇ ಒಂದು ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಜೊತೆ ಬಂದಿದ್ದ ತಮ್ಮನ ಮುಖ ನೋಡಿಯೇ ಮಾತನಾಡಿದರು. "ಪೂರಾ ಗಾಡಿಗೆ ಡಬಲ್ ಶೀಟ್ ಹೊಡೆಯೋಣ, ಬ್ಯಾಂಕಿನ ಲಾಕರ್ ಥರ ಆಗಿಬಿಡುತ್ತೆ" ಎಂದರು. ಎರಡು ದಿನದಲ್ಲಿ ಚಾವಣಿಗೂ ನೆಲಕ್ಕೂ ದಪ್ಪನೆಯ ಕಪ್ಪು ಹಾಳೆ ಅಂಟಿತು. ಸದ್ದು ಸ್ವಲ್ಪ ಇಳಿದದ್ದು ನಿಜ. ಆದರೆ ಅದು ಡಾಂಬರಿನ ಹಾಳೆ, ಕಟ್ಟಡದ ತಾರಸಿ ಸೋರದಂತೆ ಹಾಕುತ್ತಾರಲ್ಲ, ಆ ಜಾತಿಯದು. ಮೇ ತಿಂಗಳಿನ ಬಿಸಿಲಿಗೆ ಚಾವಣಿಯಲ್ಲಿ ಮೆತ್ತಗಾಗಿ ಒಳಬಟ್ಟೆಯ ಸಮೇತ ಜೋಲತೊಡಗಿತು. ಗಾಡಿ ತುಂಬ ಟಾರಿನ ವಾಸನೆ. ಮೊದಲೇ ಹೊಟ್ಟೆ ತೊಳೆಸುವ ಅಮ್ಮಿಗೆ ಅದು ಇನ್ನೊಂದು ಕಾಯಿಲೆಯಾಯಿತು. ಏರು ರಸ್ತೆಯಲ್ಲಿ ಗಾಡಿ ಎಳೆಯಲು ಹಿಂದೆಮುಂದೆ ನೋಡತೊಡಗಿತು.

ಅದನ್ನು ಕೀಳಲು ನಾವು ಪಟ್ಟ ಪಾಡು ಹೇಳತೀರದು. ಚಾವಣಿಯದನ್ನು ಬಿಸಿ ಮಾಡಿ ಕೆರೆದು ತೆಗೆದೆವು. ನೆಲದ ಭಾಗಕ್ಕೆ ಒಬ್ಬ ಹಳೆಯ ಮಿಸ್ತ್ರಿ ಚಾಚಾ ಉಪಾಯ ಹೇಳಿಕೊಟ್ಟರು: ಡಿಸೆಂಬರಿನ ಮುಂಜಾನೆ ಐಸ್ ಗಡ್ಡೆ ಮತ್ತು ಉಪ್ಪು ಹರಡಿ ಅರ್ಧ ಗಂಟೆ ಬಿಡಿ. ಹಾಗೆ ಮಾಡಿದ್ದಕ್ಕೆ ಹಾಳೆ ಗಾಜಿನಂತೆ ಗಡುಸಾಗಿ ಸುತ್ತಿಗೆಯ ಏಟಿಗೆ ಚೂರು ಚೂರಾಗಿ ಎದ್ದು ಬಂತು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಗುಜರಿಯವರ ತಕ್ಕಡಿಯಲ್ಲಿ ತೂಗಿಸಿದೆವು. 34 ಕಿಲೋ! ನಮ್ಮ ಆರನೇ ತರಗತಿಯ ಒಂದು ಮಗುವನ್ನು ಎಂಟು ತಿಂಗಳು ಇಳಿಸದೆ ಹೊತ್ತು ತಿರುಗಿದಂತೆ. ಅದರಲ್ಲೂ ಅರ್ಧ ಭಾರ ಚಾವಣಿಯಲ್ಲಿತ್ತು. ಓಮ್ನಿಯ ಅಗಲ 1.41 ಮೀಟರ್, ಎತ್ತರ 1.64 ಮೀಟರ್, ಅಗಲಕ್ಕಿಂತ ಎತ್ತರವೇ ಹೆಚ್ಚು. ಇಂಥ ಗಾಡಿಯ ತಲೆಯ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ವಾಲುವುದು ಹೆಚ್ಚಾಗುತ್ತದೆ.

ಹಾಗಾದರೆ ಭಾರವಿಲ್ಲದೆ ಸದ್ದು ನಿಲ್ಲುತ್ತದೆಯೇ? ಇಲ್ಲಿ ಒಂದು ಪ್ರಯೋಗ ತೋರಿಸುತ್ತೇನೆ. ಇದು ಊಟದ ಸ್ಟೀಲ್ ತಾಟು. ಚಮಚದಿಂದ ಬಡಿದರೆ, ಕೇಳಿ, ಗಂಟೆಯಂತೆ ಬಾರಿಸುತ್ತದೆ. ಈಗ ನಡುವೆ ಒಂದು ಹಿಡಿ ನಾದಿದ ರೊಟ್ಟಿ ಹಿಟ್ಟನ್ನು ಒತ್ತಿ ಅಂಟಿಸುತ್ತೇನೆ. ಮತ್ತೆ ಬಡಿದರೆ 'ಟಪ್' ಎಂದು ಸತ್ತುಹೋಯಿತು. ತಾಟಿನ ತುಂಬ ಹಿಟ್ಟು ಬಳಿದರೆ ಇನ್ನೂ ನಾಲ್ಕು ಪಟ್ಟು ಸುಮ್ಮನಾಗುತ್ತದೆಯೇ? ಮನೆಗೆ ಹೋಗಿ ಮಾಡಿ ನೋಡಿ. ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ, ಹಿಟ್ಟು ಮಾತ್ರ ದಂಡ. ಗಾಡಿಯ ತಗಡೂ ಇದೇ ತಾಟು. ಇಂಜಿನ್ನಿನ ನಡುಕ ತಗಡಿಗೆ ಬಂದು ತಗಡು ತಾನೇ ಹಾಡುತ್ತದೆ. ಅದನ್ನು ಸುಮ್ಮನಾಗಿಸಲು ಪ್ರತಿ ತಗಡಿನ ನಡುಭಾಗದಲ್ಲಿ ಕಾಲು ಭಾಗದಷ್ಟು ಮುಚ್ಚಿದರೆ ಬಹುಪಾಲು ಕೆಲಸ ಆಗುತ್ತದೆ. ಇದಕ್ಕೆ ಬೇಕಾದದ್ದು ಬ್ಯೂಟೈಲ್ ರಬ್ಬರಿನ ಹಾಳೆ, ಮೇಲೆ ಅಲ್ಯೂಮಿನಿಯಂ ಪದರ ಇರುವಂಥದ್ದು. 2 ಮಿ.ಮೀ. ದಪ್ಪದ ಹಾಳೆ ಒಂದು ಚದರ ಮೀಟರಿಗೆ ಮೂರೂವರೆ ಕಿಲೋ ಆಸುಪಾಸು ತೂಗುತ್ತದೆ. ಗಾಡಿಯ ಒಳಮೈ ಪೂರ್ತಿ ಹನ್ನೆರಡು ಚದರ ಮೀಟರಿಗೆ ಅಂಟಿಸಿದರೆ 40 ಕಿಲೋ ದಾಟಿತು. ಕಾಲು ಭಾಗಕ್ಕೆ ಹತ್ತು ಕಿಲೋ ಸಾಕು. ನನಗೆ ಡಬಲ್ ಶೀಟ್ ಹೊಡೆದವರಿಗೆ ಈ ತಾಟಿನ ಲೆಕ್ಕ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಚದರ ಅಡಿಯ ಲೆಕ್ಕವೇ ಮುದ್ದಾಯಿತೋ!

ಬ್ಯೂಟೈಲ್ ಯಾವುದು, ಡಾಂಬರು ಯಾವುದು ಎಂದು ತಿಳಿಯುವುದು ಹೇಗೆ? ಅಂಗಡಿಯಲ್ಲಿ ಎರಡನ್ನೂ 'ಡ್ಯಾಂಪಿಂಗ್ ಶೀಟ್' ಎಂದೇ ಮಾರುತ್ತಾರೆ, ಎರಡೂ ಕಪ್ಪು, ಎರಡರ ಮೇಲೂ ಬೆಳ್ಳಿ ಬಣ್ಣ. ಮೂಸಿ ನೋಡಿ, ಟಾರಿನ ವಾಸನೆ ಬಂದರೆ ಬೇಡ. ಎಳೆದು ನೋಡಿ, ಬ್ಯೂಟೈಲ್ ಚ್ಯೂಯಿಂಗ್ ಗಮ್ಮಿನಂತೆ ಹಿಗ್ಗುತ್ತದೆ. ಇಷ್ಟಕ್ಕೂ ನಂಬಿಕೆ ಬಾರದಿದ್ದರೆ ಅಂಗೈಯಷ್ಟು ತುಂಡನ್ನು ತಗಡಿಗೆ ಅಂಟಿಸಿ, ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬಿಸಿಲಿಗೆ ನಿಲ್ಲಿಸಿಡಿ. ಸಂಜೆಯೊಳಗೆ ಅದು ಜಾರಿದರೆ ನಿಮ್ಮ ದುಡ್ಡು ಉಳಿಯಿತು.

ಬಿಸಿಯ ದಾರಿ ಬೇರೆ. ಒಲೆಯ ಮೇಲಿನ ತವೆಯ ಎದುರು ಕೈ ಹಿಡಿದರೆ ಮುಟ್ಟದೆಯೇ ಬಿಸಿ ತಾಗುತ್ತದೆ. ಇದನ್ನು ನಮ್ಮ ವಿಜ್ಞಾನದ ಪುಸ್ತಕದಲ್ಲಿ ವಿಕಿರಣ ಎಂದಿದ್ದಾರೆ. ನಡುವೆ ಒಂದು ಅಲ್ಯೂಮಿನಿಯಂ ಹಾಳೆ ಹಿಡಿಯಿರಿ, ಬಿಸಿ ತಟ್ಟನೆ ನಿಲ್ಲುತ್ತದೆ. ಅದೇ ಹಾಳೆಯನ್ನು ತವೆಗೆ ಅಂಟಿಸಿ ಅದರ ಮೇಲೆ ಕೈ ಇಟ್ಟರೆ? ಚರ್ಮ ಸುಡುತ್ತದೆ. ಮಿಂಚುವ ಹಾಳೆ ಕೆಲಸ ಮಾಡಬೇಕಾದರೆ ಅದರ ಮಿಂಚುವ ಮುಖದ ಎದುರು ಸ್ವಲ್ಪವಾದರೂ ಗಾಳಿಯ ಜಾಗ ಇರಬೇಕು. ಎಷ್ಟೋ ಜನ ಬೆಳ್ಳಿ ಹಾಳೆಯನ್ನು ತಗಡಿಗೂ ಒಳಬಟ್ಟೆಗೂ ಒತ್ತಿ ಅಂಟಿಸಿ, ಆಮೇಲೆ "ಏನೂ ಪ್ರಯೋಜನವಾಗಲಿಲ್ಲ" ಎನ್ನುತ್ತಾರೆ.

ಬಿಸಿಯನ್ನು ತಡೆಯುವುದು ವಾಸ್ತವವಾಗಿ ಹಾಳೆಯಲ್ಲ, ಅದರಲ್ಲಿ ಸಿಕ್ಕಿಕೊಂಡ ಗಾಳಿ. ಗಾಳಿಯ ತೂಕ ತೀರಾ ಕಡಿಮೆ, ಆದ್ದರಿಂದ ಒಳ್ಳೆಯ ಉಷ್ಣ ತಡೆ ಸಾಮಾನ್ಯವಾಗಿ ಹಗುರವಾಗಿಯೇ ಇರುತ್ತದೆ. ಎ.ಸಿ. ಮೆಕ್ಯಾನಿಕ್‌ಗಳು ತಾಮ್ರದ ಪೈಪಿಗೆ ಸುತ್ತುವ ಕಪ್ಪು ಮೆತ್ತನೆಯ ಕೊಳವೆ ನೋಡಿದ್ದೀರಲ್ಲ, ಅದು ನೈಟ್ರೈಲ್ ರಬ್ಬರ್ ಫೋಮ್. ಅದೇ ವಸ್ತು ಹಾಳೆಯಾಗಿಯೂ ಸಿಗುತ್ತದೆ, ಒಂದು ಕಡೆ ಗಮ್, ಇನ್ನೊಂದು ಕಡೆ ಅಲ್ಯೂಮಿನಿಯಂ. 10 ಮಿ.ಮೀ. ದಪ್ಪದ್ದು ಚದರ ಮೀಟರಿಗೆ ಅರ್ಧ ಕಿಲೋ ಬಂದರೆ ಹೆಚ್ಚು. ಅದರ ಗುಳ್ಳೆಗಳು ಒಂದೊಂದೂ ಬಾಯಿ ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ. ಸೋಫಾದ ಸ್ಪಂಜು ಹಾಗಲ್ಲ. ಬಕೆಟ್ಟಿನ ನೀರಿನಲ್ಲಿ ರಾತ್ರಿಯಿಡೀ ಅದುಮಿಟ್ಟು ಬೆಳಿಗ್ಗೆ ಹಿಂಡಿ ನೋಡಿ, ಸ್ಪಂಜಿನಿಂದ ನೀರು ಸುರಿಯುತ್ತದೆ. ಗಾಡಿಯ ನೆಲದಲ್ಲಿ ಅಂಥ ವಸ್ತು ಇಟ್ಟರೆ ಒಂದು ಮಳೆಗಾಲದಲ್ಲಿ ತಗಡಿಗೆ ತುಕ್ಕು ಹಿಡಿಯುತ್ತದೆ.

ಇಲ್ಲಿ ಭಾಷೆಯ ಟೀಚರ್ ಆಗಿ ಒಂದು ಮಾತು. ಕಾರ್ಪೆಟ್ಟಿನ ಅಡಿಗೆ ಹಾಕುವ ಸೆಣಬಿನ ಅಥವಾ ಹತ್ತಿಯ ದಪ್ಪ ಹೊದಿಕೆಗೆ ಕುಶನ್ ಕೆಲಸದವರು 'ನಮ್ದಾ' ಎನ್ನುತ್ತಾರೆ. ಅದು ಫಾರ್ಸಿಯ 'ನಮದ್' ಶಬ್ದ, ಕುರಿಯ ಉಣ್ಣೆಯನ್ನು ಒತ್ತಿ ಮಾಡಿದ ಕಂಬಳಿಯಂಥ ಹಾಸು. ನೂರಾರು ವರ್ಷ ಡೇರೆಗಳಿಗೆ, ಕುದುರೆಯ ಜೀನಿನಡಿಗೆ ಹಾಕಿದ ವಸ್ತುವಿನ ಹೆಸರು ಇಂದು ಗ್ಯಾರೇಜಿನಲ್ಲಿ ಉಳಿದುಕೊಂಡಿದೆ. ನಮ್ದಾ ಕೆಟ್ಟದ್ದೇನಲ್ಲ. ಒಳಗಿನ ಸದ್ದನ್ನು ಹೀರಲು ಅದರಷ್ಟು ಅಗ್ಗದ್ದು, ಹಗುರವಾದದ್ದು ಮತ್ತೊಂದಿಲ್ಲ. ಆದರೆ ಅದೂ ನೀರು ಕುಡಿಯುತ್ತದೆ. ಎಲ್ಲಿ ಒದ್ದೆಯಾಗುವುದಿಲ್ಲವೋ ಅಲ್ಲಿ ಮಾತ್ರ ಅದರ ಸ್ಥಾನ.

ಎರಡನೇ ಸಲ ನಾನು ಮೊದಲು ಏನನ್ನೂ ಕೊಳ್ಳಲಿಲ್ಲ. ಮಿಸ್ತ್ರಿ ಚಾಚಾ ಜೊತೆ ಕೂತು ಸದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕಿದೆವು. ಸೀಟು ಎತ್ತಿದರೆ ಇಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಸೀಳಿಹೋಗಿತ್ತು. ಎರಡು ಬೆರಳು ತೂರುವಷ್ಟು ಸಂದು. ಗೋಡೆ ಎಷ್ಟು ದಪ್ಪವಿದ್ದರೇನು, ಕಿಟಕಿ ತೆರೆದಿದ್ದರೆ ಬೀದಿಯ ಗಲಾಟೆ ಒಳಗೇ ಅಲ್ಲವೇ? ಆ ಸಂದಿನಿಂದ ಸದ್ದಷ್ಟೇ ಅಲ್ಲ, ಬಿಸಿಗಾಳಿ ಬರುತ್ತಿತ್ತು. ಸೈಲೆನ್ಸರಿನ ಜಾಯಿಂಟ್ ಎಲ್ಲಿಯಾದರೂ ಸೋರಿದರೆ ಹೊಗೆಯೂ ಬರಬಹುದು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯುತ್ತದೆ. ಹೊಸ ಬೀಡಿಂಗ್ ಹಾಕಿಸಿದೆವು, ಸೈಲೆನ್ಸರ್ ನೋಡಿಸಿದೆವು, ಜಗ್ಗಿಹೋಗಿದ್ದ ಇಂಜಿನ್ ಮೌಂಟಿಂಗ್ ರಬ್ಬರು ಬದಲಿಸಿದೆವು. ಇನ್ನೂ ಒಂದು ಹಾಳೆಯನ್ನೂ ಅಂಟಿಸಿರಲಿಲ್ಲ, ಅಷ್ಟಕ್ಕೇ ಅರ್ಧ ಸದ್ದು ಹೋದಂತೆ ಅನ್ನಿಸಿತು.

ಆಮೇಲೆ ಇಂಜಿನ್ ಮುಚ್ಚಳ. ಇದರ ಒಳಮೈಗೆ ಫೋಮ್ ಕೂಡದು. ಅಗ್ಗದ ಪಾಲಿಥೀನ್ ಫೋಮ್ ಸುಮಾರು 110 ಡಿಗ್ರಿಗೆ ಕರಗುವಂಥದ್ದು. ಸೈಲೆನ್ಸರ್ ಪೈಪಿನ ಬಿಸಿ ಅದರ ಎಷ್ಟೋ ಪಟ್ಟು. ಇಲ್ಲಿ ಗಾಜಿನ ನಾರಿನ ಪ್ಯಾಡನ್ನೇ ಹಾಕಬೇಕು, ಅದೂ ಎರಡೂ ಕಡೆ ಅಲ್ಯೂಮಿನಿಯಂ ಮುಚ್ಚಿ ಅಂಚು ಹೊಲಿದದ್ದು. ಅಂಚು ಬಿಚ್ಚಿದ್ದರೆ ನಾರು ಉದುರಿ ಮೈ ತುರಿಸುತ್ತದೆ, ಉಸಿರಿಗೆ ಹೋಗುತ್ತದೆ. ಪ್ಯಾಡನ್ನು ಗಮ್ ನಂಬಿ ಬಿಡದೆ ಕ್ಲಿಪ್ ಹಾಕಿ ಬಿಗಿಯಿರಿ. ಕಳಚಿ ಬಿಸಿ ಪೈಪಿನ ಮೇಲೆ ಬಿದ್ದರೆ ಅಪಾಯ.

ಚಾವಣಿಯ ಅಳತೆ ಸುಮಾರು ಮೂರು ಚದರ ಮೀಟರ್. ತಗಡನ್ನು ಸ್ಪಿರಿಟ್ಟಿನಿಂದ ಒರೆಸಿ, ಪಟ್ಟಿಗಳ ನಡುವೆ ಅಲ್ಲಲ್ಲಿ ಬ್ಯೂಟೈಲ್ ತುಂಡು, ಅದರ ಮೇಲೆ ಪೂರ್ತಿಯಾಗಿ 10 ಮಿ.ಮೀ. ನೈಟ್ರೈಲ್ ಫೋಮ್, ಮಿಂಚುವ ಮುಖ ಕೆಳಗೆ. "ಬಿಸಿಲು ಮೇಲಿನಿಂದ ಬರುವಾಗ ಮಿಂಚು ಕೆಳಗೇಕೆ ಟೀಚರ್?" ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ತವೆಯ ಪಾಠ ನೆನಪಿಸಿಕೊಳ್ಳಿ. ಗಾಳಿಯ ಜಾಗ ಇರುವುದು ಕೆಳಗೆ, ಒಳಬಟ್ಟೆಗೂ ಫೋಮಿಗೂ ನಡುವೆ. ಚಾವಣಿಯ ಕೆಲಸವೆಲ್ಲ ಸೇರಿ ನಾಲ್ಕು ಕಿಲೋ. ನೆಲದಲ್ಲಿ ಸೈಲೆನ್ಸರ್ ಹಾದುಹೋಗುವ ಭಾಗಕ್ಕೆ ಮತ್ತು ಚಕ್ರಗಳ ಮೇಲಿನ ಉಬ್ಬಿಗೆ ಬ್ಯೂಟೈಲ್, ಅದರ ಮೇಲೆ ಫೋಮ್. ಅದಕ್ಕೂ ಮೊದಲು ತುಕ್ಕು ಕೆರೆದು ಪ್ರೈಮರ್ ಹಚ್ಚಲೇಬೇಕು. ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ, ಅವನ್ನು ಮುಚ್ಚಬೇಡಿ. ಗ್ಯಾಸ್ ಕಿಟ್ ಇರುವ ಗಾಡಿಯಾದರೆ ಸಿಲಿಂಡರಿನಿಂದ ಹೊರಗೆ ಹೋಗುವ ಗಾಳಿ ಕೊಳವೆಯನ್ನೂ ಮುಚ್ಚಬೇಡಿ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿಡಿ.

ಒಟ್ಟು ತೂಕ 11 ಕಿಲೋ. ಖರ್ಚು ಮೊದಲ ಸಲ ಕಳೆದುಕೊಂಡದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಗ್ಯಾರೇಜು ತೆರೆಯಬೇಕೆಂದಿರುವ ಹುಡುಗರಿಗೆ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಥರ್ಮೋಕೋಲ್, ಸೋಫಾದ ಸ್ಪಂಜು, ಪ್ಯಾಕಿಂಗಿನ ಫೋಮ್, ಇವೆಲ್ಲ ಹಗುರವೇ, ಅಗ್ಗವೇ. ಬೆಂಕಿ ಬಿದ್ದರೆ ಥರ್ಮೋಕೋಲ್ ಹನಿ ಹನಿಯಾಗಿ ಉರಿಯುತ್ತಾ ಬೀಳುತ್ತದೆ. ಸ್ಪಂಜಿನ ಹೊಗೆಯಲ್ಲಿ ಸೈನೈಡ್ ಜಾತಿಯ ವಿಷಾನಿಲ ಇರುತ್ತದೆ. ವಾಹನದ ಒಳಗೆ ಹಾಕುವ ವಸ್ತು ಹೇಗೆ ಉರಿಯಬೇಕು, ಎಷ್ಟು ನಿಧಾನವಾಗಿ ಉರಿಯಬೇಕು ಎಂಬುದಕ್ಕೆ ಐ.ಎಸ್. 15061 ಎಂಬ ಭಾರತೀಯ ಮಾನಕವೇ ಇದೆ. ಹಾಳೆ ಕೊಳ್ಳುವಾಗ ಕೇಳಿ. ಬಯಲಿನಲ್ಲಿ ನಿಂತು ಬೆರಳಗಲದ ತುಂಡನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿ; ಕಡ್ಡಿ ತೆಗೆದ ಮೇಲೂ ಉರಿಯುತ್ತಲೇ ಇದ್ದರೆ ಅದು ಜನ ಕೂರುವ ಗಾಡಿಗೆ ತಕ್ಕದ್ದಲ್ಲ. ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುವ ಓಮ್ನಿಗಳ ಚಾವಣಿಯಲ್ಲಿ ಥರ್ಮೋಕೋಲ್ ನೋಡಿದಾಗಲೆಲ್ಲ ನನಗೆ ಎದೆ ಝಲ್ ಎನ್ನುತ್ತದೆ.

ಇಷ್ಟೆಲ್ಲ ಮಾಡಿದರೂ ಹೊದಿಕೆ ತಂಪನ್ನು ಹುಟ್ಟಿಸುವುದಿಲ್ಲ, ಬಿಸಿ ಬರುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಗಾಜಿನ ಮೂಲಕ ಬರುವ ಬಿಸಿಲಿಗೆ ಅದು ಏನೂ ಮಾಡಲಾರದು. ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲಿ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಹಾಯಲೇಬೇಕು. ನಾವು ಕಂಡುಕೊಂಡ ಉಪಾಯಕ್ಕೆ ಕಾಸೂ ಖರ್ಚಿಲ್ಲ. ಶಹಾಬಾದಿನಿಂದ ಕಲಬುರಗಿಗೆ ಬೆಳಿಗ್ಗೆ ಉತ್ತರದ ಕಡೆಗೆ ಹೋಗುವಾಗ ಬಿಸಿಲು ಬಲಗಡೆ. ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ಮರಳುವಾಗಲೂ ಬಿಸಿಲು ಬಲಗಡೆಯೇ. ಅಮ್ಮಿ ಒಂದು ವರ್ಷ ಬಲಗಡೆಯೇ ಕುಳಿತಿದ್ದರು! ಈಗ ಎಡಗಡೆ ಕೂರಿಸುತ್ತೇನೆ.

ನಿಲ್ಲಿಸಿದ ಗಾಡಿಯ ವಿಷಯ ಇನ್ನೂ ಗಂಭೀರ. 2005ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಂತೆ, ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಒಂದೆರಡು ಬೆರಳು ತೆರೆದಿಟ್ಟರೂ ಹೆಚ್ಚೇನೂ ಫರಕಾಗಲಿಲ್ಲವಂತೆ. "ಎರಡೇ ನಿಮಿಷ, ಸಾಮಾನು ತಂದುಬಿಡುತ್ತೇನೆ" ಎಂದು ಮಗುವನ್ನು ಗಾಡಿಯಲ್ಲಿ ಬಿಟ್ಟು ಹೋಗುವ ತಾಯಂದಿರು, ತಂದೆಯರು ದಯವಿಟ್ಟು ಕೇಳಿಸಿಕೊಳ್ಳಿ. ಯಾವ ಹೊದಿಕೆಯೂ ಆ ಮಗುವನ್ನು ಕಾಯುವುದಿಲ್ಲ. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆ ನಮ್ಮ ಗಾಡಿ ಬಿಸಿಲಲ್ಲೇ ನಿಂತಿರುತ್ತದೆ. ಅಮ್ಮಿಯನ್ನು ಕರೆತರುವ ಮೊದಲು ನಾನು ಹೋಗಿ ಎರಡೂ ಜಾರುವ ಬಾಗಿಲು ತೆರೆದು ಐದು ನಿಮಿಷ ಬಿಡುತ್ತೇನೆ. ಮುಂದಿನ ಗಾಜಿಗೆ ಬೆಳ್ಳಿ ಹೊದಿಕೆಯನ್ನು ಹೊರಗಿನಿಂದ ಹಾಕಿರುತ್ತೇನೆ. ಒಳಗಿನಿಂದ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ.

ಈ ಬೇಸಿಗೆಯಲ್ಲಿ ಅಮ್ಮಿಯ ನೀರಿನ ಲೋಟ ಆಸ್ಪತ್ರೆ ತಲುಪಿದಾಗಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತಿತ್ತು. ಐವತ್ತರ ವೇಗದಲ್ಲಿ ಅವರು ಹಿಂದಿನಿಂದ ಮೆಲ್ಲಗೆ ಮಾತನಾಡಿದರೂ ನನಗೆ ಕೇಳಿಸುತ್ತದೆ. ಈಗ ದಾರಿಯುದ್ದಕ್ಕೂ ನನ್ನ ಓಡಿಸುವ ರೀತಿಯ ಬಗ್ಗೆ ಟೀಕೆ ಮಾಡುತ್ತಾರೆ, ಅದನ್ನೂ ಕೇಳಿಸಿಕೊಳ್ಳಬೇಕಾಗಿದೆ. ಹಿಂದಿನ ದೊಡ್ಡ ಬಾಗಿಲಿನ ಬೀಡಿಂಗ್ ಇನ್ನೂ ಹಳೆಯದೇ ಇದೆ, ಧೂಳು ಬರುತ್ತದೆ. ಸಂಬಳ ಬಂದ ಮೇಲೆ ಅದನ್ನೂ ಹಾಕಿಸಬೇಕು.

ಗಾಡಿಯನ್ನು ಇಂದು ತಂದಿದ್ದೇನೆ. ಹೊರಗೆ ಬೇವಿನ ಮರದ ಕೆಳಗೆ ನಿಂತಿದೆ. ಎಡಗಡೆಯ ಸೀಟು ಎತ್ತಿಟ್ಟು, ಚಾವಣಿಯ ಒಳಬಟ್ಟೆಯ ಒಂದು ಮೂಲೆ ಬಿಚ್ಚಿಟ್ಟಿದ್ದೇನೆ. ಊಟದ ವಿರಾಮದಲ್ಲಿ ಬಂದು ನೋಡಿ. ಇಂಜಿನ್ ಇನ್ನೂ ಬಿಸಿಯಾಗಿರಬಹುದು, ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ.